ಪವರ್ ಜಾಸ್ತಿ ಇದ್ದರೆ ಗುರಿ ಹತ್ತಿರ ಬರುತ್ತಾ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಸ್ಕೋಪಿನ, ಅಂದರೆ ಕೋವಿಯ ಮೇಲೆ ಕೂರಿಸುವ ದುರ್ಬೀನಿನ ಬಗ್ಗೆಯೇ ಇವೆ. ಒಂದು ಟೆಕ್ಸಸ್‌ನಿಂದ ಬಂದಿದೆ, ಒಂದು ಸಕಲೇಶಪುರದಿಂದ. ಉದ್ದದ ಉತ್ತರ ಟೆಕ್ಸಸ್‌ನವರಿಗೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸುಬೇದಾರ್ ಸರ್, ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇನೆ. ನವೆಂಬರ್‌ನಲ್ಲಿ ಆಫೀಸಿನ ಗೆಳೆಯರ ಜೊತೆ ಮೊದಲ ಸಲ ಜಿಂಕೆ ಬೇಟೆಗೆ ಹೋಗುತ್ತಿದ್ದೇನೆ. .308 ಕೋವಿ ಕೊಂಡಾಗಿದೆ. ಅದೇ ಕೋವಿಯಲ್ಲಿ ರೇಂಜ್‌ಗೆ ಹೋಗಿ 600 ಗಜದ ಗುರಿಗೂ ಹೊಡೆಯುವ ಆಸೆ. ಅಂಗಡಿಯವನು 5-25×56 ಸ್ಕೋಪ್ ತಗೊಳ್ಳಿ ಅನ್ನುತ್ತಾನೆ. ಗೆಳೆಯ 3-9×40 ಸಾಕು ಅನ್ನುತ್ತಾನೆ. ಪವರ್ ಜಾಸ್ತಿ ಇದ್ದಷ್ಟೂ ಒಳ್ಳೆಯದೇ ಅಲ್ವಾ? ಹಾಗೇ ಈ ಫಸ್ಟ್ ಫೋಕಲ್, ಸೆಕೆಂಡ್ ಫೋಕಲ್ ಅಂದರೆ ಏನು?

ಉತ್ತರ: ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಅಂಕಿಗಳನ್ನು ಬಿಡಿಸೋಣ. 3-9×40 ಅಂದರೆ 3 ಪಟ್ಟಿನಿಂದ 9 ಪಟ್ಟಿನವರೆಗೆ ತಿರುಗಿಸಿಕೊಳ್ಳಬಹುದು, ಮುಂದಿನ ಲೆನ್ಸಿನ ಅಗಲ 40 ಮಿಲಿಮೀಟರ್. 10 ಪವರ್ ಇಟ್ಟರೆ 1000 ಗಜದ ಗುರಿ ಬರಿಗಣ್ಣಿಗೆ 100 ಗಜದಲ್ಲಿ ಕಂಡ ಹಾಗೆ ಕಾಣುತ್ತದೆ. ನಿಮ್ಮ 600 ಗಜಕ್ಕೆ 25 ಪವರ್ ಹಾಕಿದರೆ ಗುರಿ 24 ಗಜಕ್ಕೆ ಬಂದು ಕೂತಿತು. ಕೇಳಲು ಚೆಂದ. ಆದರೆ ಬರುವುದು ಗುರಿ ಒಂದೇ ಅಲ್ಲ. ನಿಮ್ಮ ಕೈನಡುಕ, ಉಸಿರು, ಎದೆಬಡಿತ, ಮಧ್ಯೆ ಇರುವ 600 ಗಜದ ಬಿಸಿಗಾಳಿ, ಎಲ್ಲವೂ 25 ಪಟ್ಟು ದೊಡ್ಡದಾಗಿ ಕಣ್ಣಿಗೆ ಬರುತ್ತವೆ.

ಮಗಳ ಮನೆ ಸ್ಯಾನ್ ಆಂಟೋನಿಯೋದಲ್ಲಿ. ಒಂದು ಜುಲೈನಲ್ಲಿ ಹೋಗಿದ್ದಾಗ ಅಳಿಯ ರೇಂಜ್‌ಗೆ ಕರೆದುಕೊಂಡು ಹೋಗಿದ್ದ. ಪ್ರವಾಸಿ ವೀಸಾದವನು ಕೋವಿ ಮುಟ್ಟುವುದು ಬೇಡ ಅಂತ ನಾನು ಸುಮ್ನೆ ಸ್ಪಾಟಿಂಗ್ ಸ್ಕೋಪಿನ (ಸ್ಟ್ಯಾಂಡಿನ ಮೇಲಿಟ್ಟು ಗುರಿ ನೋಡುವ ದುರ್ಬೀನು) ಹಿಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಬೆಳಗ್ಗೆ ಎಂಟಕ್ಕೆ 600 ಗಜದ ಬಿಳಿ ಬಣ್ಣದ ಉಕ್ಕಿನ ತಟ್ಟೆ ಅಂಚು ಕೊರೆದ ಹಾಗೆ ನಿಂತಿತ್ತು. ಹನ್ನೊಂದೂವರೆಗೆ ಅದೇ ತಟ್ಟೆ ಕಾದ ಹಂಚಿನ ಮೇಲೆ ಬಿದ್ದ ನೀರಿನ ಹಾಗೆ ಒದ್ದಾಡತೊಡಗಿತು. ಒಮ್ಮೆ ಮೊಟ್ಟೆ ಆಕಾರ, ಒಮ್ಮೆ ಎರಡು ತುಂಡು. ಪಕ್ಕದಲ್ಲಿ ಒಬ್ಬ ಹುಡುಗ 25 ಪವರ್‌ನಲ್ಲಿ ನೋಡುತ್ತ ತನ್ನ ಸ್ಕೋಪನ್ನು ಬೈಯುತ್ತಿದ್ದ. ಫೋಕಸ್ ತಿರುಗಿಸಿದ, ಲೆನ್ಸ್ ಒರೆಸಿದ. ಅಳಿಯ ಹೋಗಿ ಅವನ ಪವರ್ ರಿಂಗನ್ನು 12ಕ್ಕೆ ಇಳಿಸಿಕೊಟ್ಟ. ತಟ್ಟೆ ಚಿಕ್ಕದಾಯಿತು, ಆದರೆ ಒಂದೇ ಕಡೆ ನಿಂತಿತು. ಮುಂದಿನ ಐದರಲ್ಲಿ ನಾಲ್ಕು ಗುಂಡು ಠಣ್ ಅಂದವು.

ಅದು ಬಿಸಿಲುಗುದುರೆ. ಸ್ಕೋಪಿನ ದೋಷ ಅಲ್ಲ. ಸ್ಕೋಪಿಗೆ ನೀವು ಎಷ್ಟೇ ದುಡ್ಡು ಹಾಕಿದರೂ ಗಾಳಿಯನ್ನು ಸ್ವಚ್ಛ ಮಾಡಲು ಆಗುವುದಿಲ್ಲ. ಆದರೆ ಬಿಸಿಲುಗುದುರೆ ಶತ್ರುವೂ ಅಲ್ಲ. ಸ್ಪಾಟಿಂಗ್ ಸ್ಕೋಪನ್ನು ಗುರಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿ ನೋಡಿ. ಅಲೆಗಳು ಎಡದಿಂದ ಬಲಕ್ಕೆ ಹರಿದರೆ ಗಾಳಿ ಎಡದಿಂದ ಇದೆ. ಹರಿಯುವುದು ಬಿಟ್ಟು ನೇರ ಮೇಲಕ್ಕೆ ಕುದಿಯತೊಡಗಿದರೆ ಒಂದೋ ಗಾಳಿ ನಿಂತಿದೆ, ಇಲ್ಲವೇ ನಿಮ್ಮ ಮುಖಕ್ಕೆ ಅಥವಾ ಬೆನ್ನಿಗೆ ನೇರವಾಗಿದೆ. ಗಂಟೆಗೆ 16 ಕಿಲೋಮೀಟರ್‌ನ ಅಡ್ಡಗಾಳಿ .308 ಗುಂಡನ್ನು 600 ಗಜದಲ್ಲಿ ಸುಮಾರು ಮುಕ್ಕಾಲು ಮೀಟರ್ ಸರಿಸಿಬಿಡುತ್ತದೆ. ಅಷ್ಟು ದೊಡ್ಡ ತಪ್ಪನ್ನು ಪವರ್ ತಿದ್ದುವುದಿಲ್ಲ. ಕೋವಿಯ ಕುದುರೆ ಎಳೆಯುವ ಮೊದಲು ಬಿಸಿಲುಗುದುರೆ ಯಾವ ಕಡೆ ಓಡುತ್ತಿದೆ ನೋಡಿಕೊಳ್ಳಿ ಅಂತ ನಮ್ಮ ಹುಡುಗರಿಗೆ ಹೇಳುತ್ತಿದ್ದೆ. ನಗುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ.

ನಮ್ಮ ಕೈಗೆ ಸೈನ್ಯದಲ್ಲಿ ರಷ್ಯಾದ ದ್ರಾಗುನೊವ್ ಸ್ನೈಪರ್ ಕೋವಿ ಕೊಟ್ಟಾಗ ಅದರ ಮೇಲಿದ್ದ ಪಿಎಸ್‌ಒ-1 ಸ್ಕೋಪ್ ಬರೀ 4 ಪವರ್, ಲೆನ್ಸ್ 24 ಮಿಲಿಮೀಟರ್. ಅದರೊಳಗೆ ಒಂದು ಬಾಗಿದ ಗೆರೆ. 1.7 ಮೀಟರ್ ಎತ್ತರದ ಮನುಷ್ಯ ಆ ಗೆರೆಯ ಕೆಳಗೆ ಎಲ್ಲಿ ಸರಿಯಾಗಿ ಕೂರುತ್ತಾನೋ ಅಲ್ಲಿ ದೂರ ಬರೆದಿರುತ್ತದೆ. ಅಮೆರಿಕ ಸೈನ್ಯದ ಎಂ24 ಕೋವಿಗೆ ಬಂದದ್ದು 10 ಪವರಿನ ಲ್ಯೂಪೋಲ್ಡ್ ಕಂಪನಿಯ ಸ್ಕೋಪ್, ಅದನ್ನು ಹೆಚ್ಚು ಕಡಿಮೆ ಮಾಡಲು ರಿಂಗೇ ಇಲ್ಲ. ಇಂಗ್ಲೆಂಡಿನ ಬಿಸ್ಲಿಯಲ್ಲಿ ಟಾರ್ಗೆಟ್ ರೈಫಲ್‌ನವರು ಸ್ಕೋಪೇ ಇಲ್ಲದೆ, ತೂತಿನ ಸೈಟ್ ಇಟ್ಟುಕೊಂಡು 1000 ಗಜಕ್ಕೆ ಹೊಡೆಯುತ್ತಾರೆ. ಇದೆಲ್ಲ ಹೇಳಿದ್ದು ಹಳೆಯದೇ ಚೆನ್ನ ಅನ್ನಲಿಕ್ಕಲ್ಲ. ಎಫ್-ಕ್ಲಾಸ್ ಸ್ಪರ್ಧೆಯಲ್ಲಿ 1000 ಗಜದ ಗುರಿಯ 10ರ ವೃತ್ತ 10 ಇಂಚು, ಅದರೊಳಗಿನ ಎಕ್ಸ್ ಅನ್ನುವ ನಡುವಿನ ವೃತ್ತ 5 ಇಂಚು. ಅವರು ನೆಲದ ಮೇಲೆ ಮಲಗಿ, ಮುಂದೆ ಸ್ಟ್ಯಾಂಡ್, ಹಿಂದೆ ಮರಳಿನ ಚೀಲ ಇಟ್ಟು ಹೊಡೆಯುವವರು. ಅವರಿಗೆ 40 ಪವರೂ ಕೆಲಸಕ್ಕೆ ಬರುತ್ತದೆ. ಬಿಸಿಲೇರಿದರೆ ಅವರೂ ಇಳಿಸುತ್ತಾರೆ.

ಈಗ ಜಿಂಕೆಗೆ ಬನ್ನಿ. ಇಲ್ಲಿ ಸ್ಕೋಪಿನ ಮೇಲಿನ ದೊಡ್ಡ ಅಂಕಿಗಿಂತ ಚಿಕ್ಕ ಅಂಕಿ ಮುಖ್ಯ. 3 ಪವರ್‌ನಲ್ಲಿ 100 ಮೀಟರ್ ದೂರದಲ್ಲಿ ಹೆಚ್ಚುಕಡಿಮೆ 11 ಮೀಟರ್ ಅಗಲದ ಜಾಗ ಕಾಣುತ್ತದೆ. 9ಕ್ಕೆ ಏರಿಸಿದರೆ 4 ಮೀಟರ್ ಸಿಕ್ಕರೆ ಹೆಚ್ಚು. 25ರಲ್ಲಿ ಒಂದೂವರೆ ಮೀಟರ್, ಅಂದರೆ ಒಂದು ಜಿಂಕೆಯ ಉದ್ದ. ಕಣ್ಣಿಟ್ಟ ತಕ್ಷಣ ಕಂದು ಕೂದಲು ಕಾಣುತ್ತದೆ, ಅದು ಭುಜವೋ ತೊಡೆಯೋ ಗೊತ್ತಾಗುವುದಿಲ್ಲ. ಅದರ ಹಿಂದೆ ಇನ್ನೊಂದು ಜಿಂಕೆ ನಿಂತಿದೆಯಾ, ಬೇಲಿಯಾಚೆ ಯಾರದ್ದಾದರೂ ಗಾಡಿ ಇದೆಯಾ, ಅದೂ ಗೊತ್ತಾಗುವುದಿಲ್ಲ. ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಒಂದು ಊಟದ ತಟ್ಟೆಯಷ್ಟು. 200 ಗಜದಲ್ಲಿ ಊಟದ ತಟ್ಟೆ ನೋಡಲು 6 ಪವರ್ ಧಾರಾಳ.

ಇನ್ನು ಬೆಳಕು. ಟೆಕ್ಸಸ್‌ನಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಜಿಂಕೆಗೆ ಹೊಡೆಯಬಹುದು. ಜಿಂಕೆ ಹೊರಗೆ ಬರುವುದೂ ಹೆಚ್ಚಾಗಿ ಆ ಎರಡು ಅರ್ಧ ಗಂಟೆಗಳಲ್ಲೇ. ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಸ್ಕೋಪನ್ನು ಕೈಚಾಚಿ ಹಿಡಿದು ಕಿಟಕಿಯ ಬೆಳಕಿಗೆ ತೋರಿಸಿ. ಹಿಂದಿನ ಲೆನ್ಸಿನ ಮಧ್ಯೆ ಒಂದು ಬೆಳಕಿನ ಬೊಟ್ಟು ಕಾಣುತ್ತದೆ. ಪವರ್ ಏರಿಸುತ್ತಾ ಹೋಗಿ, ಬೊಟ್ಟು ಕುಂಕುಮದ ಅಗಲದಿಂದ ಸಾಸಿವೆ ಕಾಳಿನಷ್ಟಕ್ಕೆ ಇಳಿಯುತ್ತದೆ. ಮುಂದಿನ ಲೆನ್ಸಿನ ಅಗಲವನ್ನು ಪವರ್‌ನಿಂದ ಭಾಗಿಸಿದರೆ ಸಿಗುವುದೇ ಈ ಬೊಟ್ಟಿನ ಅಳತೆ. 56 ಭಾಗಿಸು 25, ಎರಡು ಮಿಲಿಮೀಟರ್ ಚಿಲ್ಲರೆ. ಅದೇ ಸ್ಕೋಪನ್ನು 8ಕ್ಕೆ ಇಳಿಸಿದರೆ 7 ಮಿಲಿಮೀಟರ್. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್‌ವರೆಗೆ ಅರಳುತ್ತದೆ, ನನ್ನಂಥ ವಯಸ್ಸಿನವರದ್ದು 5 ಆದರೆ ಪುಣ್ಯ. ಹಾಗಾಗಿ ಮುಸ್ಸಂಜೆಯಲ್ಲಿ ಸ್ಕೋಪ್ ಕಪ್ಪಾಗಿ ಕಂಡರೆ ಮೊದಲು ಪವರ್ ಇಳಿಸಿ ನೋಡಿ.

ಫಸ್ಟ್ ಫೋಕಲ್ ಅಂದರೆ ಪವರ್ ಏರಿಸಿದ ಹಾಗೆ ಸ್ಕೋಪಿನ ಒಳಗೆ ಗುರಿ ಹಿಡಿಯಲು ಇರುವ ಗೆರೆಗಳೂ ದಪ್ಪಗಾಗುತ್ತವೆ. ಹಾಗಾಗಿ ಗೆರೆಯ ಅಳತೆ ಎಲ್ಲ ಪವರ್‌ನಲ್ಲೂ ಸರಿ. ಕಡಿಮೆ ಪವರ್‌ನಲ್ಲಿ ಮಾತ್ರ ಅವು ಜೇಡನ ನೂಲಿನಷ್ಟು ಸಣ್ಣಗಾಗಿ ಪೊದೆಯ ನೆರಳಿನಲ್ಲಿ ಕಾಣೆಯಾಗುತ್ತವೆ. ಸೆಕೆಂಡ್ ಫೋಕಲ್‌ನಲ್ಲಿ ಗೆರೆ ಯಾವಾಗಲೂ ಒಂದೇ ದಪ್ಪ, ಆದರೆ ಅಳತೆ ಸರಿಯಾಗಿರುವುದು ಒಂದೇ ಪವರ್‌ನಲ್ಲಿ, ಸಾಮಾನ್ಯವಾಗಿ ತುದಿಯದರಲ್ಲಿ. 9 ಪವರ್‌ನಲ್ಲಿ 2 ಮಿಲ್ ತೋರಿಸುವ ಗುರುತು 4.5ಕ್ಕೆ ಇಳಿಸಿದಾಗ 4 ಮಿಲ್ ಆಗುತ್ತದೆ. 1 ಮಿಲ್ ಅಂದರೆ 100 ಮೀಟರ್‌ಗೆ 10 ಸೆಂಟಿಮೀಟರ್. 300 ಮೀಟರ್‌ನಲ್ಲಿ ಆ ಗುರುತನ್ನು ನಂಬಿ 60 ಸೆಂಟಿಮೀಟರ್ ಮೇಲಕ್ಕೆ ಹಿಡಿದೆ ಅಂದುಕೊಂಡವರು ನಿಜಕ್ಕೂ 120 ಹಿಡಿದಿರುತ್ತಾರೆ. ಗುಂಡು ಜಿಂಕೆಯ ಬೆನ್ನಿನ ಮೇಲಿಂದ ಹಾರಿಹೋಗುತ್ತದೆ.

ನನ್ನ ಲೆಕ್ಕ ಇಷ್ಟು. ಒಂದೇ ಕೋವಿಗೆ ಎರಡೂ ಕೆಲಸ ಬೇಕು ಅಂದರೆ 4-16×44 ಅಥವಾ 3-15ರ ಸುತ್ತಮುತ್ತ ನೋಡಿ. ಪಕ್ಕದಲ್ಲಿ ಪ್ಯಾರಲ್ಯಾಕ್ಸ್ ತಿರುಗಿಸುವ ಗುಂಡಿ ಇರಲಿ. ಸಾಧಾರಣ ಬೇಟೆ ಸ್ಕೋಪಿನಲ್ಲಿ ಅದು 100 ಗಜಕ್ಕೆ ಕೂಡಿಸಿಟ್ಟಿರುತ್ತದೆ, 600 ಗಜದಲ್ಲಿ ಕಣ್ಣು ಚೂರು ಅಲುಗಿದರೆ ಗುರಿಯೂ ಅಲುಗಿದ ಹಾಗೆ ಕಾಣುತ್ತದೆ. ಈ ವರ್ಷ ಜಿಂಕೆ ಮಾತ್ರ ಅಂದರೆ ಗೆಳೆಯನ ಮಾತು ಕೇಳಿ, 3-9×40 ತಗೊಳ್ಳಿ. ಉಳಿದ ದುಡ್ಡಿಗೆ ತೋಟಾ ಕೊಂಡು ಅಭ್ಯಾಸ ಮಾಡಿ. 5-25×56 ಒಂದು ಕಿಲೋ ಹತ್ತಿರ ತೂಗುತ್ತದೆ. ಅದನ್ನು ಹೊತ್ತು ಒಂದು ಗುಡ್ಡ ಹತ್ತಿ ಇಳಿದ ಮೇಲೆ ಅಂಗಡಿಯವನ ನೆನಪು ಚೆನ್ನಾಗಿ ಆಗುತ್ತದೆ. ಕಾಡಿನಲ್ಲಿ ನಡೆಯುವಾಗ ರಿಂಗ್ ಯಾವಾಗಲೂ ಚಿಕ್ಕ ಅಂಕಿಯ ಮೇಲಿರಲಿ. ದೂರದ ಜಿಂಕೆ ನಿಮಗೆ ಏರಿಸಲು ಸಮಯ ಕೊಡುತ್ತದೆ, ಹತ್ತಿರದ್ದು ಇಳಿಸಲು ಕೊಡುವುದಿಲ್ಲ.

ಕೊನೆಗೆ ಮೂರು ಚಿಲ್ಲರೆ ಮಾತು. ದೂರದಲ್ಲಿ ಏನೋ ಅಲ್ಲಾಡಿತು ಅಂತ ಸ್ಕೋಪಿನಲ್ಲಿ ನೋಡಬೇಡಿ. ನೀವು ನೋಡುವ ಕಡೆಗೇ ನಳಿಗೆಯೂ ಇರುತ್ತದೆ, ಅಲ್ಲಿರುವುದು ಮನುಷ್ಯನೂ ಆಗಿರಬಹುದು. ಕುತ್ತಿಗೆಗೆ ಒಂದು ಬೈನಾಕ್ಯುಲರ್ ಹಾಕಿಕೊಳ್ಳಿ. ಎರಡನೆಯದು, ನೀವಿನ್ನೂ ಎಚ್-1ಬಿ ವೀಸಾದಲ್ಲಿದ್ದರೆ ಅಲ್ಲಿನ ಕಾನೂನಿನ ಪ್ರಕಾರ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು ಬೇಟೆಯ ಲೈಸೆನ್ಸ್. ಹಾಗಾಗಿ ಆ ಕಾಗದ ಕೈಯಲ್ಲಿದೆಯಾ, ಅವಧಿ ಮುಗಿದಿಲ್ಲವಾ ಅಂತ ಇವತ್ತೇ ನೋಡಿಕೊಳ್ಳಿ. ಮೂರನೆಯದು, ಕಣ್ಣಿಗೂ ಸ್ಕೋಪಿಗೂ ಮಧ್ಯೆ ನಾಲ್ಕು ಬೆರಳು ಜಾಗ ಬಿಡಿ. ಗೆಳೆಯರೊಬ್ಬರ .30-06 ಕೋವಿ ಪರೀಕ್ಷೆ ಮಾಡಲು ಹೋಗಿ ಪವರ್ ಪೂರ್ತಿ ಏರಿಸಿ, ಚಿತ್ರ ಚೆನ್ನಾಗಿ ಕಾಣಲಿ ಅಂತ ಮುಖ ಮುಂದೆ ತಂದಿದ್ದೆ. ಕೋವಿ ಹಿಂದಕ್ಕೆ ಒದ್ದು ಸ್ಕೋಪ್ ಮುಖಕ್ಕೆ ಬಡಿಯಿತು, ಹುಬ್ಬಿನ ಮೇಲೆ ಮೂರು ಹೊಲಿಗೆ. ಅಷ್ಟು ವರ್ಷ ಬೇರೆಯವರಿಗೆ ಪಾಠ ಹೇಳಿದವನು ಕರವಸ್ತ್ರ ಒತ್ತಿಕೊಂಡು ಮನೆಗೆ ಬಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಗುರಿಗಾದರೂ ಬಿತ್ತಾ?"

ಪ್ರಶ್ನೆ: ಕಾಡುಹಂದಿ ದಿನಾ ರಾತ್ರಿ ತೋಟಕ್ಕೆ ನುಗ್ಗುತ್ತಿವೆ. ನನ್ನ ಕೋವಿಗೆ ಬೆಳೆ ರಕ್ಷಣೆ ಲೈಸೆನ್ಸ್ ಇದೆ. ರಾತ್ರಿಗೆ ಎಷ್ಟು ಪವರ್ ಸ್ಕೋಪ್ ಒಳ್ಳೆಯದು? (ಸಕಲೇಶಪುರದ ಬೆಳೆಗಾರರು)

ಉತ್ತರ: ಯಾವ ಪವರೂ ಬೇಡ ಸ್ವಾಮಿ. ನಿಮ್ಮ ಸಂಕಟ ಗೊತ್ತು, ನನ್ನ ಬಾಳೆಕಂದನ್ನೂ ಅವು ಉಳಿಸಿಲ್ಲ. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಲೈಸೆನ್ಸ್ ಇರುವುದು ಕೋವಿಗೆ, ಬೇಟೆಗಲ್ಲ. ಅರಣ್ಯ ಇಲಾಖೆಗೆ ಬರೆದು ಕೊಡಿ, ಬೆಳೆ ನಷ್ಟದ ಅರ್ಜಿ ಹಾಕಿ, ಅವರು ಬರೆದು ಅನುಮತಿ ಕೊಡದೆ ಕೋವಿ ಎತ್ತಬೇಡಿ. ರಾತ್ರಿ ಹಂದಿ ಅಂದುಕೊಂಡು ಮನುಷ್ಯನಿಗೆ ಹೊಡೆದ ಸುದ್ದಿ ಪೇಪರಿನಲ್ಲಿ ನೀವೂ ಓದಿರುತ್ತೀರಿ.

ಪ್ರಶ್ನೆ: ನಮ್ಮ ಕೊಡವರ ಕೈಲ್‌ಪೊದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದೆ. ತಮ್ಮ ಸ್ಕೋಪ್ ಹಾಕೋಣ ಅನ್ನುತ್ತಾನೆ. (ವಿರಾಜಪೇಟೆ)

ಉತ್ತರ: ಮೊದಲು ಸ್ಪರ್ಧೆ ನಡೆಸುವವರನ್ನು ಕೇಳಿ, ಆಮೇಲೆ ಹಿರಿಯರ ಮುಖ ನೋಡಿ. ನಳಿಗೆಯ ತುದಿಯ ಮಣಿಯನ್ನು ಕಾಯಿಗೆ ಕೂಡಿಸಿ ಹೊಡೆಯುವುದರಲ್ಲೇ ಅದರ ಗಮ್ಮತ್ತು ಇರುವುದು. ಮರದ ತುದಿಯಲ್ಲಿ ಗಾಳಿಗೆ ತೂಗುವ ಕಾಯಿಯನ್ನು 9 ಪವರ್‌ನಲ್ಲಿ ಹುಡುಕುತ್ತಾ ಕೂತರೆ ನಿಮ್ಮ ಸರದಿ ಮುಗಿದು ಊಟಕ್ಕೆ ಕರೆಯುತ್ತಾರೆ.

ಪ್ರಶ್ನೆ: ಅಂಕಲ್, ನಾನು 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದೇನೆ. 10ರ ಚುಕ್ಕಿ ಕಾಣುವುದೇ ಇಲ್ಲ. ಅಪ್ಪ ಸ್ಕೋಪ್ ಕೊಡಿಸುತ್ತೇನೆ ಅನ್ನುತ್ತಾರೆ. (ಮೈಸೂರು)

ಉತ್ತರ: ಅಪ್ಪನ ದುಡ್ಡು ಉಳಿಸು ಪುಟ್ಟಿ. ನಿನ್ನ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಆ 10ರ ಚುಕ್ಕಿ ಅರ್ಧ ಮಿಲಿಮೀಟರ್, ಅದು ಯಾರಿಗೂ ಕಾಣುವುದಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಹೊಡೆದದ್ದೂ ಇದೇ ತೂತಿನ ಸೈಟಿನಲ್ಲಿ. ಚುಕ್ಕಿ ಹುಡುಕಬೇಡ. ಕಪ್ಪು ವೃತ್ತವನ್ನು ಮುಂದಿನ ಉಂಗುರದ ನಡುವೆ ಕೂರಿಸು, ಸುತ್ತಲಿನ ಬಿಳಿ ಎಲ್ಲ ಕಡೆ ಸಮ ಇದೆಯಾ ಅಷ್ಟೇ ನೋಡು.

ಪ್ರಶ್ನೆ: ಸ್ಪ್ರಿಂಗ್ ಏರ್‌ಗನ್‌ಗೆ ಹಾಕಿದ ಒಳ್ಳೆಯ ಸ್ಕೋಪ್ ಎರಡೇ ತಿಂಗಳಲ್ಲಿ ಕೆಟ್ಟಿತು. ದೊಡ್ಡ ಕೋವಿಗೆ ಹಾಕುವಂಥದ್ದೇ ತಂದಿದ್ದೆ. ಹೀಗೇಕೆ? (ಹುಬ್ಬಳ್ಳಿ)

ಉತ್ತರ: ದೊಡ್ಡ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್‌ಗನ್ ಮೊದಲು ಹಿಂದಕ್ಕೆ, ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೆ, ಹೀಗೆ ಎರಡು ಕಡೆ ಜಗ್ಗುತ್ತದೆ. ಆ ಮುಂದಿನ ಜಗ್ಗಾಟಕ್ಕೆ ಮಾಮೂಲಿ ಸ್ಕೋಪಿನ ಲೆನ್ಸುಗಳು ಸಡಿಲವಾಗುತ್ತವೆ. ಅಂಗಡಿಯಲ್ಲಿ ಏರ್‌ಗನ್ನಿಗೆಂದೇ ಮಾಡಿದ್ದು ಕೇಳಿ ತನ್ನಿ. 10 ಗಜದಷ್ಟು ಹತ್ತಿರಕ್ಕೂ ಫೋಕಸ್ ಆಗುವಂಥದ್ದಿರಲಿ, 4 ಪವರ್ ಇದ್ದರೂ ಸಾಕು. ಸ್ಕೋಪ್ ಹಿಂದಕ್ಕೆ ಜಾರದಂತೆ ಹಳಿಯ ಮೇಲೆ ಒಂದು ಸ್ಟಾಪರ್ ಹಾಕಿಸಿ. ಹಳೆಯದನ್ನು ಎಸೆಯಬೇಡಿ, ಅಲ್ಲಾಡಿಸಿ ನೋಡಿ. ಒಳಗೆ ಲೊಟಲೊಟ ಸದ್ದು ಬರದಿದ್ದರೆ ಕೆಟ್ಟಿರುವುದು ಸ್ಕೋಪ್ ಅಲ್ಲದೆಯೂ ಇರಬಹುದು, ಅದನ್ನು ಕೋವಿಗೆ ಬಿಗಿದಿರುವ ರಿಂಗಿನ ಸ್ಕ್ರೂ ಸಡಿಲ ಆಗಿರಬಹುದು.