ಜಿಲ್ಲಾಸ್ಪತ್ರೆ ಇರುವ ಊರಿನಲ್ಲಿ ಪ್ರಾಥಮಿಕ ಆರೋಗ್ಯ ಸೇವೆಗೆ ಏನು ಅಡ್ಡಿ?

ಕಾರವಾರದಲ್ಲಿ ಜಿಲ್ಲಾಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇರುವಾಗ ಸಮಗ್ರ ಪ್ರಾಥಮಿಕ ಆರೋಗ್ಯ ಸೇವೆ, ಅಂದರೆ ಬಸುರಿಯಿಂದ ವೃದ್ಧರವರೆಗೆ ಎಲ್ಲರಿಗೂ ಮನೆಯ ಹತ್ತಿರವೇ ಸಿಗಬೇಕಾದ ಆರೈಕೆ, ಒದಗಿಸುವುದು ಏಕೆ ಕಷ್ಟ ಎಂದು ಕೇಳಿದ್ದೀರಿ. ಮೊದಲು ಅಂಕೋಲಾ ಕಡೆಯ ಹಳ್ಳಿಯಲ್ಲಿ, ಆಮೇಲೆ ಕಾರವಾರ ಪಟ್ಟಣದಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದ ನಾನು ಕಂಡ ಮುಖ್ಯ ತೊಡಕೆಂದರೆ, ಪಟ್ಟಣದಲ್ಲಿ ಯಾವ ಮನೆ ಯಾರ ಜವಾಬ್ದಾರಿ ಎಂಬುದು ಗಟ್ಟಿಯಾಗಿ ನಿಲ್ಲುವುದಿಲ್ಲ.

ಹಳ್ಳಿಯಲ್ಲಿ 3,000ದಿಂದ 5,000 ಜನರಿಗೊಂದು ಆರೋಗ್ಯ ಉಪಕೇಂದ್ರವಿರುತ್ತದೆ. ಯಾರ ಮನೆಯಲ್ಲಿ ಬಸುರಿ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದು ರಜಿಸ್ಟರ್ ತೆರೆಯದೆಯೇ ನೆನಪಿರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ಸುಮಾರು 50,000 ಜನ, ಒಬ್ಬ ಆರೋಗ್ಯ ಸಹಾಯಕಿಗೆ ಸುಮಾರು 10,000 ಜನ. ಅದರಲ್ಲೂ ಬಾಡಿಗೆ ಮನೆಯವರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಬೈತಖೋಲ ಬಂದರಿನ ಬೋಟುಗಳಲ್ಲಿ ದುಡಿಯಲು ಹೊರರಾಜ್ಯದಿಂದ ಬಂದವರು ಮೀನುಗಾರಿಕೆ ನಿಂತೊಡನೆ ಊರಿಗೆ ಹೋಗುತ್ತಾರೆ.

ಮೀನು ಮಾರುವ ಒಬ್ಬ ಹೆಂಗಸಿನ ಮನೆಗೆ ಮೂರು ಸಲ ಹೋದಾಗಲೂ ಬೀಗ ಹಾಕಿತ್ತು. ಅವರು ನಸುಕಿಗೇ ಮೀನು ತರಲು ಹೋಗಿ, ಮಾರಿ ಮುಗಿಸಿ ಬರುವಷ್ಟರಲ್ಲಿ ನಮ್ಮ ಮನೆಭೇಟಿ ಮುಗಿದಿರುತ್ತಿತ್ತು. ಕೊನೆಗೆ ಮಾರುಕಟ್ಟೆಗೇ ಹೋಗಿ, ಬುಟ್ಟಿಯ ಪಕ್ಕ ಕುಳಿತು, ಅವರು ಕೈ ಒರೆಸಿಕೊಂಡ ಮೇಲೆ ಬಿಪಿ ನೋಡಿದೆ. "ನಿಂತು ನಿಂತು ಕಾಲು ಬಾತಿದೆ, ಸಿಸ್ಟರ್" ಎಂದರು. ಪ್ಲಾಸ್ಟಿಕ್ ಚೀಲದಲ್ಲಿ ಎರಡು ಚೀಟಿಗಳಿದ್ದವು: ಒಂದು ಖಾಸಗಿ ವೈದ್ಯರದು, ಇನ್ನೊಂದು ಯಾವುದೋ ಶಿಬಿರದ್ದು. ಎರಡರಲ್ಲೂ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿದ್ದದ್ದು ಒಂದೇ ಬಿಪಿ ಮಾತ್ರೆ, ಆಮ್ಲೋಡಿಪಿನ್. ಅವರು ಎರಡನ್ನೂ ತಪ್ಪದೆ ನುಂಗುತ್ತಿದ್ದರು. ಈ ಮಾತ್ರೆಯ ಪ್ರಮಾಣ ಹೆಚ್ಚಾದರೆ ಪಾದ ಬಾಯುವುದುಂಟು. ನಮ್ಮ ವೈದ್ಯರು ಒಂದನ್ನು ನಿಲ್ಲಿಸಿದ ಕೆಲವು ದಿನಗಳಲ್ಲಿ ಬಾವು ಇಳಿಯಿತು.

ಇಬ್ಬರು ವೈದ್ಯರೂ ತಮ್ಮ ಮಟ್ಟಿಗೆ ಸರಿಯಾದ ಔಷಧವನ್ನೇ ಬರೆದಿದ್ದರು. ಎರಡೂ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ಇರಲಿಲ್ಲ. ಆಸ್ಪತ್ರೆಗಳು ಹೆಚ್ಚಿದಷ್ಟೂ ಚೀಟಿಗಳು ಹೆಚ್ಚುತ್ತವೆ, ಈ ಕೆಲಸ ಮಾತ್ರ ಹಾಗೆಯೇ ಉಳಿಯುತ್ತದೆ.

ಸಮಗ್ರ ಸೇವೆಯ 12 ವಿಭಾಗಗಳಲ್ಲಿ ಮಾನಸಿಕ ಆರೋಗ್ಯವೂ ಹಾಸಿಗೆ ಹಿಡಿದವರ ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆಯೂ ಸೇರಿವೆ. ಮಕ್ಕಳು ಗೋವಾದಲ್ಲೋ ಮುಂಬಯಿಯಲ್ಲೋ ಇದ್ದು, ಇಲ್ಲಿ ಒಂಟಿಯಾಗಿ ಮಲಗಿರುವ ವೃದ್ಧರ ಬೆನ್ನುಹುಣ್ಣು ತೊಳೆದು ಕಟ್ಟಲು ಒಂದು ಗಂಟೆ ಬೇಕು, 10,000 ಜನರ ಪಟ್ಟಿ ಹಿಡಿದವರಿಗೆ ಆ ಗಂಟೆ ಸಿಗುವುದಿಲ್ಲ. ಚರಂಡಿ, ಸೊಳ್ಳೆ, ಕುಡಿಯುವ ನೀರು ನಗರಸಭೆಯ ಪಾಲಿನವು. ಡೆಂಗಿ ಬಂದಾಗಲಷ್ಟೇ ಎರಡೂ ಇಲಾಖೆಯವರು ಒಟ್ಟಿಗೆ ಕೂರುವುದನ್ನು ಕಂಡಿದ್ದೇನೆ.

ನನ್ನನ್ನು ಕೇಳಿದರೆ, ಹೊಸ ಕಟ್ಟಡಕ್ಕಿಂತ ಮೊದಲು ವಾರ್ಡಿನ ಪ್ರತಿ ಕುಟುಂಬವನ್ನೂ ಒಂದು ಕೇಂದ್ರದ ಹೆಸರಿಗೆ ನೋಂದಾಯಿಸಬೇಕು, ವಾರದಲ್ಲಿ ಎರಡು ದಿನವಾದರೂ ಸಂಜೆ 5ರಿಂದ 8ರವರೆಗೆ ಬಾಗಿಲು ತೆರೆದಿರಬೇಕು, ಮೀನು ಮಾರುಕಟ್ಟೆಯಲ್ಲಿ ಬಿಪಿ ನೋಡಲು ಒಂದು ಮೇಜು ಹಾಕಬೇಕು.