ಬಾಯಾರಿದ ಮೇಕೆ ಕುಡಿದ ನೀರು ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ಮರುಭೂಮಿಯ ಮೇಕೆಗಳು ದಿನಗಟ್ಟಲೆ ನೀರಿಲ್ಲದೆ ಇದ್ದು, ಬಳಿಕ ಒಮ್ಮೆಲೇ ಹೊಟ್ಟೆ ತುಂಬ ಕುಡಿದರೂ ಅಪಾಯವಾಗುವುದಿಲ್ಲವೇಕೆ?

ಉತ್ತರ: ಈಜಿಪ್ಟಿನ ಸಿನಾಯ್ ಮರುಭೂಮಿಯಲ್ಲಿ ಬೆದುಯಿನ್ ಎಂಬ ಅಲೆಮಾರಿ ಅರಬರು ಸಾಕುವ ಕಪ್ಪು ಮೇಕೆ ದೇಹತೂಕದ ಕಾಲುಭಾಗದಷ್ಟು ನೀರನ್ನು ಕಳೆದುಕೊಂಡರೂ ಬದುಕುತ್ತದೆ, ನೀರು ಸಿಕ್ಕಾಗ ಆಗಿನ ತೂಕದ ಸುಮಾರು ಶೇ. 40ರಷ್ಟನ್ನು ಕೆಲವೇ ನಿಮಿಷಗಳಲ್ಲಿ ಕುಡಿಯಬಲ್ಲದು. ಅಷ್ಟೂ ನೀರು ತಕ್ಷಣ ಕರುಳಿಗಿಳಿದು ರಕ್ತವನ್ನು ಸೇರಿದರೆ, ರಕ್ತದ್ರವ ತೆಳುವಾಗಿ, ಕೆಂಪು ರಕ್ತಕಣಗಳು ನೀರು ಹೀರಿ ಉಬ್ಬಿ ಒಡೆಯುವ ಸಂಭವವಿದೆ. ಆದರೆ ಹೊಟ್ಟೆಯ ಮೊದಲ ಕೋಣೆಯಾದ ರೂಮೆನ್ ಆ ನೀರಿನ ಬಹುಪಾಲನ್ನು ಹಿಡಿದಿಟ್ಟುಕೊಂಡು, ಗಂಟೆಗಟ್ಟಲೆ ನಿಧಾನವಾಗಿ ಮುಂದಕ್ಕೆ ಬಿಡುತ್ತದೆ. ಈ ವ್ಯವಸ್ಥೆ ನಿಜಕ್ಕೂ ವಿಸ್ಮಯಕರ. ಕರುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ತೀರಾ ಬಾಯಾರಿದ ಕರು ಒಮ್ಮೆಲೇ ಮಿತಿಮೀರಿ ನೀರು ಕುಡಿದರೆ ರಕ್ತಕಣಗಳು ಒಡೆದು ಮೂತ್ರ ಕೆಂಪಾಗುವುದುಂಟು. ಆದ್ದರಿಂದ ಅಂಥ ಕರುವಿಗೆ ಸ್ವಲ್ಪ ಸ್ವಲ್ಪವಾಗಿ, ಬಿಡುವು ಕೊಟ್ಟು ನೀರು ಕುಡಿಸಬೇಕು.