ಹಿರೇಬೆಣಕಲ್‌ನಲ್ಲಿ ನೋಡೋಕೆ ಅಂಥದ್ದೇನಿದೆ?

ಹಿರೇಬೆಣಕಲ್ ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಊರು, ಗಂಗಾವತಿಯಿಂದ ಸುಮಾರು 10 ಕಿ.ಮೀ ಆಗ್ಬೋದು. ಊರೊಳಗೆ ಸುತ್ತಿದ್ರೆ ನಮ್ಮ ಕಡೆ ಬೇರೆ ಹಳ್ಳಿಗಳ ತರಾನೇ, ಅಸಲಿ ಮಜಾ ಇರೋದು ಪಕ್ಕದ ಗುಡ್ಡದ ಮೇಲೆ.

ಅಲ್ಲಿರೋವು ಎರಡು ಸಾವಿರ ವರ್ಷಕ್ಕೂ ಹಳೇ ಕಲ್ಲಿನ ಸಮಾಧಿಗಳು, ಒಂದೆರಡಲ್ಲ, ನೂರಾರು. ಚಪ್ಪಡಿ ಕಲ್ಲುಗಳನ್ನ ಗೋಡೆ ತರ ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿದಾರೆ, ಥೇಟ್ ಪುಟ್ಟ ಮನೆ, ಕೆಲವಕ್ಕಂತೂ ಕಲ್ಲಲ್ಲೇ ದುಂಡಗೆ ಕಂಡಿ ಕೊರೆದಿದಾರೆ, ಅದಕ್ಕೇ ಜನ ಇವನ್ನ ಮೋರ್ಯರ ಮನೆ ಅಂತಾರೆ, ಹಿಂದೆ ಮೋರ್ಯರು ಅನ್ನೋ ಕುಳ್ಳರು ಇದ್ರಲ್ಲಿ ವಾಸ ಇದ್ರು ಅಂತ ಕಥೆ ಬೇರೆ. ಬಂಡೆ ಮೇಲೊಂದು ನಗಾರಿ ಆಕಾರದ ಕಲ್ಲಿದೆ, ಕಟ್ಟಿಗೆ ತಗೊಂಡು ಬಡಿದ್ರೆ ನಿಜವಾದ ನಗಾರಿ ತರಾನೇ ಸದ್ದು ಬರುತ್ತೆ (ಆದ್ರೆ ನೀವು ಬಡಿಯೋಕೆ ಹೋಗ್ಬೇಡಿ, ಬಂದೋರೆಲ್ಲಾ ಬಡಿದ್ರೆ ಏನು ಉಳಿಯುತ್ತೆ). ಬಂಡೆ ಚಿತ್ರಗಳೂ ಇದಾವೆ.

2021ರಲ್ಲಿ ಈ ಜಾಗ ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಹಂಪಿ, ಆನೆಗೊಂದಿಗೆ ಬಂದೋರು ಇಷ್ಟು ಹತ್ರ ಇದ್ರೂ ಇತ್ತ ತಲೆ ಹಾಕಲ್ಲ ಅನ್ನೋದೇ ನನಗೆ ಬೇಜಾರು.

ಹೋಗೋದಾದ್ರೆ ಬೆಳಿಗ್ಗೆ ಬೇಗ ಗುಡ್ಡ ಹತ್ತಿ, ನೀರು ಜಾಸ್ತಿ ಇಟ್ಕೊಳ್ಳಿ, ಬೇಸಿಗೇಲಿ ಆ ಬಂಡೆ ಹಂಚಿನಂಗೆ ಕಾದಿರುತ್ತೆ.